ಕೊಡಗಿನ ಮನೆಗೆ ಸ್ಲೇಟ್ ಕಲ್ಲು: ಮೊದಲು ನೆಲದ ತೇವ ನೋಡಿ

ಈಗೀಗ ಮನೆ ಕಟ್ಟಿಸುವವರು, ಹಳೆ ಮನೆ ರಿಪೇರಿ ಮಾಡಿಸುವವರು ತುಂಬಾ ಜನ ಸ್ಲೇಟ್ ಕಲ್ಲು ಕೇಳುತ್ತಾರೆ. ಯಾವುದೋ ಹೋಂಸ್ಟೇ ಜಗಲಿಯಲ್ಲಿ ನೋಡಿ ಇಷ್ಟಪಟ್ಟಿರುತ್ತಾರೆ. ಇಷ್ಟವಾಗುವ ಕಲ್ಲೇ ಅದು. ಒರಟು ಮೈ ಇರುವುದರಿಂದ ಒದ್ದೆ ಕಾಲಿಗೂ ಹಿಡಿತ ಸಿಗುತ್ತದೆ. ನಮ್ಮ ಮಳೆಗಾಲದ ಮಬ್ಬು ಬೆಳಕಿಗೆ ಅದರ ಬೂದು, ಹಸಿರು ಬಣ್ಣ ಚೆನ್ನಾಗಿ ಒಪ್ಪುತ್ತದೆ. ಆದರೆ ನಮ್ಮ ಜಿಲ್ಲೆಯಲ್ಲಿ ಸ್ಲೇಟ್ ನೆಲ ಕೆಟ್ಟ ಕಡೆ ಎಬ್ಬಿಸಿ ನೋಡಿದರೆ ಹೆಚ್ಚಾಗಿ ಕಾಣುವುದು ಕಲ್ಲಿನಡಿಯ ತೇವ. ಹಾಗಾಗಿ ಕಲ್ಲಿನ ಅಂಗಡಿಗೆ ಹೋಗುವ ಮೊದಲು ನೆಲವನ್ನು ಪರೀಕ್ಷೆ ಮಾಡಿ.

ಪರೀಕ್ಷೆ ಸುಲಭ. ದಪ್ಪ ಪ್ಲಾಸ್ಟಿಕ್ ಶೀಟನ್ನು ಎರಡು ಅಡಿ ಚೌಕಕ್ಕೆ ಕತ್ತರಿಸಿ, ಕಾಂಕ್ರೀಟ್ ನೆಲದ ಮೇಲೆ ಹಾಸಿ, ನಾಲ್ಕೂ ಕಡೆ ಗಾಳಿ ಆಡದಂತೆ ಟೇಪ್ ಅಂಟಿಸಿ. ಒಂದು ರಾತ್ರಿ, ಒಂದು ಹಗಲು ಬಿಡಿ. ಎತ್ತಿ ನೋಡಿದಾಗ ಶೀಟಿನ ಅಡಿ ನೀರಿನ ಹನಿ ಇದ್ದರೆ ಅಥವಾ ನೆಲ ಕಪ್ಪಾಗಿದ್ದರೆ ತೇವ ಮೇಲೆ ಬರುತ್ತಿದೆ ಎಂದರ್ಥ. ಅಂಥ ನೆಲಕ್ಕೆ ಸ್ಲೇಟ್ ಹಾಕಿದರೆ ಮೊದಲ ಮಳೆಗಾಲ ಮುಗಿಯುವುದರೊಳಗೆ ಸಂದಿನಲ್ಲಿ ಬಿಳಿ ಉಪ್ಪು ಕಾಣಿಸಿಕೊಳ್ಳುತ್ತದೆ. ಆಮೇಲೆ ಪದರ ಏಳುತ್ತದೆ. ಹೊಸ ಮನೆಯಾದರೆ ಕೆಲಸ ಹಗುರ. ಕಲ್ಲಿನ ಸೋಲಿಂಗ್ (ನೆಲದಡಿ ಹಾಸುವ ಕಲ್ಲಿನ ಪದರ) ಮೇಲೆ ದಪ್ಪ ಪಾಲಿಥಿನ್ ಹಾಸಿ, ಅದರ ಮೇಲೆ ಕಾಂಕ್ರೀಟ್ ಹಾಕಿಸಿ. ಶೀಟನ್ನು ಗೋಡೆ ಅಂಚಿನಲ್ಲಿ ಸ್ವಲ್ಪ ಮೇಲಕ್ಕೆ ಮಡಚಬೇಕು. ಇದನ್ನು ಮೇಸ್ತ್ರಿಗೆ ಬಾಯಲ್ಲಿ ಹೇಳಿದರೆ ಸಾಲದು, ಕಾಂಕ್ರೀಟ್ ಹಾಕುವ ದಿನ ಪಕ್ಕದಲ್ಲೇ ನಿಂತಿರಿ. ಶೀಟ್ ಹರಿದರೂ ಕಾಂಕ್ರೀಟ್ ಬಿದ್ದ ಮೇಲೆ ಯಾರಿಗೂ ಕಾಣುವುದಿಲ್ಲ.

ಹಳೆ ಮನೆಯಲ್ಲಿ ಮೊದಲು ಹೊರಗಿನ ನೀರು ನೋಡಿ. ಗುಡ್ಡ ಕಡಿದು ಮಟ್ಟ ಮಾಡಿದ ಜಾಗದಲ್ಲಿ ಮನೆ ಇದ್ದರೆ ಹಿಂದಿನ ಗೋಡೆಯ ಬುಡದಲ್ಲಿ ಚರಂಡಿ ಇದೆಯಾ? ಅದು ನೆಲಮಟ್ಟಕ್ಕಿಂತ ಕೆಳಗಿದೆಯಾ? ಮಡಿಕೇರಿ, ಭಾಗಮಂಡಲದ ಕಡೆ ಈ ಒಂದು ಚರಂಡಿ ಸರಿ ಮಾಡಿದರೆ ಅರ್ಧ ಕೆಲಸ ಮುಗಿದಂತೆ. ಕುಶಾಲನಗರದ ಕಡೆ ಮಳೆ ಎಷ್ಟೋ ಕಡಿಮೆ, ಅಲ್ಲಿ ಇಷ್ಟು ತಲೆಬಿಸಿ ಇಲ್ಲ. ಹಳೆ ಮನೆಯ ರೆಡ್ ಆಕ್ಸೈಡ್ ನೆಲ ಬಿರುಕಿಲ್ಲದೆ ಚೆನ್ನಾಗಿದ್ದರೆ, ದಯವಿಟ್ಟು ಅದನ್ನು ಒಡೆಯಬೇಡಿ. ಅಂಥ ನೆಲ ತಿಕ್ಕಿ ಮಾಡುವ ಕೈಗಳು ಈಗ ಸಿಗುವುದು ಕಷ್ಟ.

ಇನ್ನು ಕಲ್ಲು. ಕೆಸರು ಗಟ್ಟಿಯಾಗಿ, ಭೂಮಿಯ ಒತ್ತಡಕ್ಕೂ ಬಿಸಿಗೂ ಸಿಕ್ಕಿ ಆದ ಕಲ್ಲು ಸ್ಲೇಟ್. ಒತ್ತಡದಲ್ಲಿ ಅದರ ಕಣಗಳೆಲ್ಲ ಒಂದೇ ದಿಕ್ಕಿಗೆ ಮಲಗಿರುತ್ತವೆ. ಹಾಗಾಗಿ ಉಳಿ ಇಟ್ಟು ಹೊಡೆದರೆ ತೆಳು ಹಲಗೆಯಾಗಿ ಸೀಳುತ್ತದೆ. ನಾವು ಶಾಲೆಯಲ್ಲಿ ಬರೆದ ಸ್ಲೇಟೂ ಇದೇ ಕಲ್ಲು. ಆಂಧ್ರದ ಮಾರ್ಕಾಪುರ ಆ ಸ್ಲೇಟಿಗೇ ಹೆಸರಾದ ಊರು. ಹಿಮಾಚಲ, ರಾಜಸ್ಥಾನದಿಂದಲೂ ಸ್ಲೇಟ್ ಬರುತ್ತದೆ. ಸೀಳುವ ಗುಣವೇ ಇದರ ಅಂದ, ಅದೇ ಇದರ ದುರ್ಬಲ ಜಾಗ. ಪದರದ ನಡುವೆ ನೀರು ಹೊಕ್ಕರೆ ಹಾಳೆ ಹಾಳೆಯಾಗಿ ಏಳುತ್ತದೆ.

ಅಂಗಡಿಯಲ್ಲಿ ಕಪ್ಪಗೆ, ಚಪ್ಪಟೆಯಾಗಿ ಇರುವುದೆಲ್ಲ ಸ್ಲೇಟ್ ಅಲ್ಲ. ಕಡಪ ಕಲ್ಲು, ಶಹಾಬಾದ್ ಕಲ್ಲು ಎರಡೂ ಸುಣ್ಣದ ಕಲ್ಲುಗಳು. ಕೆಟ್ಟ ಕಲ್ಲೇನೂ ಅಲ್ಲ, ಆದರೆ ಹುಳಿ ತಡೆಯುವುದಿಲ್ಲ. ಒಂದು ತುಂಡಿನ ಮೇಲೆ ನಿಂಬೆರಸ ಹಾಕಿ ಹತ್ತು ನಿಮಿಷ ಬಿಟ್ಟು ಒರೆಸಿ. ಸಣ್ಣ ಗುಳ್ಳೆ ಎದ್ದರೆ ಅಥವಾ ಹೊಳಪು ಹೋಗಿ ಮಚ್ಚೆ ಉಳಿದರೆ ಅದರಲ್ಲಿ ಸುಣ್ಣ ಇದೆ. ಪಂದಿಕರಿ ಮಾಡುವ ಅಡುಗೆಮನೆಯಲ್ಲಿ ಕಾಚಂಪುಳಿ ಎಂಬ ಕಡು ಹುಳಿರಸ ಒಂದಲ್ಲ ಒಂದು ದಿನ ನೆಲಕ್ಕೆ ಚೆಲ್ಲಿಯೇ ಚೆಲ್ಲುತ್ತದೆ. ಅಲ್ಲಿಗೆ ಸುಣ್ಣದ ಕಲ್ಲು ಬೇಡ.

ನಿಜವಾದ ಸ್ಲೇಟಿನಲ್ಲೂ ಗಟ್ಟಿ, ಮೆದು ಎಂದಿದೆ. ಹಲಗೆಯನ್ನು ಒಂದು ಮೂಲೆಯಲ್ಲಿ ಹಿಡಿದು ಬೆರಳ ಗಂಟಿನಿಂದ ತಟ್ಟಿ. ಠಣ್ ಎಂದರೆ ಒಳ್ಳೆಯದು. ದೊಬ್ ಎಂದರೆ ಒಳಗೆ ಪದರ ಬಿಟ್ಟಿದೆ. ಅಂಚನ್ನು ಉಗುರಿನಿಂದ ಕೆರೆಯಿರಿ, ಹುಡಿ ಉದುರಬಾರದು. ಎಷ್ಟು ನೀರು ಕುಡಿಯುತ್ತದೆ ಎಂಬುದು ಇನ್ನೂ ಮುಖ್ಯ. ಅಮೆರಿಕದ ಎಎಸ್‌ಟಿಎಂ ಮಾನದಂಡ ಒಳಗಿನ ಬಳಕೆಯ ಸ್ಲೇಟಿಗೆ ತೂಕದ ಶೇಕಡ 0.45, ಹೊರಗಿನದಕ್ಕೆ 0.25 ಮಿತಿ ಇಟ್ಟಿದೆ. ಒಂದಡಿ ಚೌಕದ, 10 ಮಿಲಿಮೀಟರ್ ದಪ್ಪದ ಹಲಗೆ ಸುಮಾರು ಎರಡೂವರೆ ಕಿಲೋ ತೂಗುತ್ತದೆ. ಬಿಸಿಲಿಗೆ ಚೆನ್ನಾಗಿ ಒಣಗಿಸಿ ಅಡುಗೆಮನೆ ತಕ್ಕಡಿಯಲ್ಲಿ ತೂಗಿ. ಎರಡು ದಿನ ನೀರಲ್ಲಿಟ್ಟು, ಒರೆಸಿ, ಮತ್ತೆ ತೂಗಿ. ಹತ್ತು ಹನ್ನೆರಡು ಗ್ರಾಂ ಏರಿದರೆ ಮನೆಯೊಳಗೆ ಪರವಾಗಿಲ್ಲ, ಜಗಲಿಗಾದರೆ ಅದರರ್ಧ ದಾಟಬಾರದು. ಲ್ಯಾಬಿನಷ್ಟು ನಿಖರ ಅಲ್ಲ, ಆದರೆ ಎರಡು ಅಂಗಡಿಯ ಕಲ್ಲನ್ನು ಹೋಲಿಸಲು ಧಾರಾಳ ಸಾಕು.

ಬಣ್ಣದ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ. ಕಂದು, ಹಳದಿ, ನೇರಳೆ ಬೆರೆತ ತುಕ್ಕು ಬಣ್ಣದ ಸ್ಲೇಟ್ ಫೋಟೋದಲ್ಲಿ ಬಹಳ ಚೆಂದ. ಆ ಬಣ್ಣ ಬರುವುದು ಕಬ್ಬಿಣದಿಂದ. ನಮ್ಮ ತೇವದಲ್ಲಿ ಆ ತುಕ್ಕು ಮುಂದುವರಿಯುತ್ತದೆ, ಪಕ್ಕದ ಕಲ್ಲಿಗೂ ಹರಿಯುತ್ತದೆ. ಮಳೆ ಎರಚುವ ಕಡೆ ನಾನು ಬೂದು, ಕಪ್ಪು, ಹಸಿರು ಬಿಟ್ಟು ಬೇರೆ ಹಾಕಿಸುವುದಿಲ್ಲ. ಹಿತ್ತಾಳೆಯಂತೆ ಹೊಳೆಯುವ ಚುಕ್ಕೆಗಳಿದ್ದರೂ ಬಿಡಿ. ಅದು ಪೈರೈಟ್ ಎಂಬ ಕಬ್ಬಿಣದ ಖನಿಜ, ನಾಳೆ ತುಕ್ಕಿನ ಕಲೆಯಾಗುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಹಿಂಬದಿ ಮೆಷಿನ್‌ನಲ್ಲಿ ಸವರಿ ಒಂದೇ ದಪ್ಪಕ್ಕೆ ತಂದ ಹಲಗೆ ತೆಗೆದುಕೊಳ್ಳಿ. ಏರುತಗ್ಗಿನ ಅಂಚಿಗೆ ಅವರ ಕಾಲು ಎಡವುತ್ತದೆ.

ಕೆಲಸಕ್ಕೆ ಮಾರ್ಚ್‌ನಿಂದ ಮೇ ಒಳ್ಳೆಯ ಕಾಲ. ಕಾಫಿ ಕುಯ್ಲು ನಡೆಯುವಾಗ ಆಳುಗಳು ಸಿಗುವುದಿಲ್ಲ, ಜೂನ್ ಬಂದರೆ ಏನೂ ಒಣಗುವುದಿಲ್ಲ. ಕಾಂಕ್ರೀಟ್ ಹಾಕಿ ಕನಿಷ್ಠ 28 ದಿನ ಆಗಿರಬೇಕು. ಕಲ್ಲು ಹತ್ತರಿಂದ ಹದಿನೈದು ಪರ್ಸೆಂಟ್ ಜಾಸ್ತಿ ತರಿಸಿ. ಬಂದ ಕೂಡಲೇ ದಪ್ಪ, ಮಧ್ಯಮ, ತೆಳು ಎಂದು ಮೂರು ರಾಶಿ ಮಾಡಿ. ನೆಲದ ಮಟ್ಟ ನಿಲ್ಲಿಸಬೇಕಾದ್ದು ದಪ್ಪ ಕಲ್ಲಿನಿಂದ. ತೆಳುವಿನಡಿ ಗಾರೆ ಸೇರಿಸಿ ಎತ್ತಬಹುದು, ದಪ್ಪದ್ದನ್ನು ತಗ್ಗಿಸಲು ಆಗುವುದಿಲ್ಲ. ಬಾಗಿಲು ತೆರೆಯುತ್ತದೆಯೇ ಎಂದು ಆಗಲೇ ಅಳೆಯಿರಿ. ಎಲ್ಲ ಪೆಟ್ಟಿಗೆಯ ಕಲ್ಲನ್ನೂ ಬೆರೆಸಿ, ಗಾರೆ ಇಲ್ಲದೆ ಒಮ್ಮೆ ಸುಮ್ನೆ ಹರಡಿ ನೋಡಿ. ಬಣ್ಣದ ಹೊಂದಾಣಿಕೆ ಮನೆಯವರ ಕೆಲಸ, ಮೇಸ್ತ್ರಿಗೆ ಬಿಡಬೇಡಿ.

ಪ್ರತಿ ಹಲಗೆಯ ಬೆನ್ನನ್ನು ಬ್ರಷ್ ಹಾಕಿ ತೊಳೆದು ಒಣಗಿಸಲೇಬೇಕು. ಸ್ಲೇಟಿನ ಬೆನ್ನಿಗೆ ಕಲ್ಲಿನ ಹುಡಿ ಹತ್ತಿರುತ್ತದೆ. ಹಾಗೇ ಕೂರಿಸಿದರೆ ಅಂಟು ಹಿಡಿಯುವುದು ಹುಡಿಯನ್ನು, ಕಲ್ಲನ್ನಲ್ಲ. ಒಂದೇ ದಪ್ಪದ ಕಲ್ಲಿಗೆ ಪಾಲಿಮರ್ ಬೆರೆತ ಟೈಲ್ ಅಡ್ಹೆಸಿವ್ ಬಳಸಿ, ಹಲ್ಲಿನ ಕರಣೆಯಲ್ಲಿ ನೆಲಕ್ಕೆ ಹರಡಿ, ಬೆನ್ನಿಗೂ ತೆಳುವಾಗಿ ಸವರಿ. ದಪ್ಪ ಹೆಚ್ಚುಕಮ್ಮಿ ಇದ್ದರೆ ಸಿಮೆಂಟ್ ಮರಳಿನ ಗಾರೆಯೇ ಸರಿ, ಬೆನ್ನಿಗೆ ಸಿಮೆಂಟ್ ಹಾಲು ಬಳಿದು ಕೂರಿಸಬೇಕು. ನಾಲ್ಕು ಮೂಲೆಗೆ, ನಡುವಿಗೆ ಐದು ಉಂಡೆ ಇಟ್ಟು ಒತ್ತುವ ಅಭ್ಯಾಸ ನಮ್ಮಲ್ಲಿದೆ. ದಯವಿಟ್ಟು ನಿಲ್ಲಿಸಿ. ಉಂಡೆಗಳ ನಡುವೆ ಟೊಳ್ಳು ಉಳಿಯುತ್ತದೆ, ಅಲ್ಲಿ ನೀರು ನಿಲ್ಲುತ್ತದೆ, ಕುರ್ಚಿಯ ಕಾಲು ಬಿದ್ದರೆ ಕಲ್ಲು ಒಡೆಯುತ್ತದೆ. ಹೊಸದಾಗಿ ಕೂರಿಸಿದ ಒಂದು ಹಲಗೆಯನ್ನು ಆಗಾಗ ಎತ್ತಿಸಿ ನೋಡಿ. ಬೆನ್ನು ಪೂರ್ತಿ ಅಂಟಾಗಿರಬೇಕು.

ಸಂದು 6ರಿಂದ 8 ಮಿಲಿಮೀಟರ್ ಇರಲಿ. ಗೋಡೆಯ ಬುಡದಲ್ಲೂ ಅಷ್ಟೇ ಜಾಗ ಬಿಟ್ಟು ಸ್ಕರ್ಟಿಂಗ್‌ನಿಂದ ಮುಚ್ಚಿ, ಅದಕ್ಕೆ ಸಿಮೆಂಟ್ ತುಂಬಬೇಡಿ. ಜಗಲಿಗೆ ಹೊರಮುಖವಾಗಿ ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರು ಬೇಕು. ಸೂರಿನ ನೀರು ಬೀಳುವ ಅಂಚಿಗೆ ಮಾತ್ರ ಒರಟು ಗ್ರಾನೈಟ್ ಹಾಕಿ, ದಿನವಿಡೀ ಬೀಳುವ ಆ ಧಾರೆಗೆ ಸ್ಲೇಟ್ ಬಾಳುವುದಿಲ್ಲ.

ಸಂದಿಗೆ ಗ್ರೌಟ್ (ಸಿಮೆಂಟಿನ ಪುಡಿ ಕಲಸಿದ್ದು) ತುಂಬುವ ಮೊದಲೇ ಕಲ್ಲು ನೀರು, ಕಲೆ ಹೀರದಂತೆ ತಡೆಯುವ ಸೀಲರನ್ನು ಒಂದು ಸಲ ಬಳಿಯಿರಿ. ಇಲ್ಲದಿದ್ದರೆ ಒರಟು ಮೈಯಲ್ಲಿ ಸಿಮೆಂಟ್ ಕೂತು ಬಿಳಿಚಿಕೊಳ್ಳುತ್ತದೆ. ಆಮೇಲೆ ಅದನ್ನು ತೆಗೆಯಲು ಆಸಿಡ್ ಬಾಟಲಿ ಬರುತ್ತದೆ, ತುಕ್ಕಿನ ಕಲೆ ಶುರುವಾಗುವುದೇ ಅಲ್ಲಿಂದ. ಮನೆಗೆ ಆಸಿಡ್ ಬರದಂತೆ ಮೊದಲೇ ಹೇಳಿಬಿಡಿ. ಸೀಲರ್‌ನಲ್ಲಿ ಕಲ್ಲಿನೊಳಗೆ ಇಳಿಯುವ ಬಗೆಯನ್ನೇ ಕೇಳಿ ತನ್ನಿ. ಮೇಲೆ ಪೊರೆ ಕಟ್ಟಿ ಮಿನುಗುವ ವಾರ್ನಿಷ್‌ನಂಥದ್ದು ತೇವವನ್ನು ಒಳಗೇ ಹಿಡಿದಿಟ್ಟು ಮಂಕಾಗುತ್ತದೆ, ಚಕ್ಕೆ ಏಳುತ್ತದೆ. ಬಣ್ಣ ಗಾಢವಾಗಲಿ ಎಂದು ತೆಂಗಿನೆಣ್ಣೆ ಒರೆಸುವವರೂ ಇದ್ದಾರೆ. ನಮ್ಮ ಮಳೆಗಾಲಕ್ಕೆ ಅದು ಅಂಟಂಟಾಗಿ ಕೊಳೆಯನ್ನೆಲ್ಲ ಹಿಡಿಯುತ್ತದೆ.

ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ನಾಲ್ಕು ಹನಿ ನೀರು ಹಾಕಿ ನೋಡಿ. ಹನಿ ಗುಂಡಗೆ ನಿಂತರೆ ಸೀಲರ್ ಇದೆ, ಕಲ್ಲು ಕಪ್ಪಾದರೆ ಮತ್ತೆ ಬಳಿಯಬೇಕು. ಪಾಚಿ ಬಂದರೆ ಗಟ್ಟಿ ಬ್ರಷ್, ನೀರು, ಸೌಮ್ಯ ಸೋಪು ಸಾಕು. ತೋಟದ ಗಾಡಿ ತೊಳೆಯುವ ಪ್ರೆಷರ್ ಪಂಪನ್ನು ಹತ್ತಿರ ಹಿಡಿಯಬೇಡಿ, ಪದರ ಕಿತ್ತು ಬರುತ್ತದೆ. ಉಳಿದ ಕಲ್ಲಿನಲ್ಲಿ ಹತ್ತಾದರೂ ಹಲಗೆಯನ್ನು ಮೆಟ್ಟಿಲಡಿ ಎತ್ತಿಡಿ. ಮುಂದೆ ಒಂದು ಒಡೆದಾಗ ಅದೇ ಬಣ್ಣ ಅಂಗಡಿಯಲ್ಲಿ ಸಿಗುವುದಿಲ್ಲ.