ಸಾಫ್ಟ್‌ಬಾಕ್ಸ್ ಇದ್ದರೂ ಮೂಗಿನ ನೆರಳು ಗಟ್ಟಿಯಾಗಿ ಬೀಳುವುದೇಕೆ?

ಪ್ರಶ್ನೆ: ಸ್ಟುಡಿಯೋ ಫೋಟೋಗ್ರಫಿ ಈಗಷ್ಟೇ ಕಲಿಯುತ್ತಿದ್ದೇನೆ. ಒಂದು ಫ್ಲ್ಯಾಶ್, ಅದರ ಮುಂದೆ ಕಟ್ಟುವ 90 ಸೆಂ.ಮೀ. ಸಾಫ್ಟ್‌ಬಾಕ್ಸ್ (ಮುಂದೆ ಬಿಳಿ ಬಟ್ಟೆಯಿರುವ ಡಬ್ಬಿ) ಇವೆ. ಆದರೂ ಮೂಗಿನ ನೆರಳು ಗೆರೆ ಎಳೆದ ಹಾಗೆ ಬೀಳುತ್ತದೆ, ಹಣೆ ಮಿಂಚುತ್ತದೆ. ಇನ್ನೊಂದು ಲೈಟ್ ಕೊಳ್ಳಬೇಕೆ?

ಬೇಡ. ಇರುವ ಲೈಟನ್ನೇ ಹತ್ತಿರ ತನ್ನಿ. ಹೀಗೆಂದ ಕೂಡಲೇ ಪ್ರತಿ ಸಲವೂ ಒಂದೇ ಮರುಪ್ರಶ್ನೆ: "ದೂರ ಇಟ್ಟರೆ ತಾನೆ ಬೆಳಕು ಸಾಫ್ಟ್ ಆಗೋದು?" ಅಲ್ಲ. ಎಷ್ಟು ಸಲ ಹೇಳಿದರೂ ಈ ನಂಬಿಕೆ ಹೋಗುತ್ತಿಲ್ಲ, ಆದ್ದರಿಂದ ಇವತ್ತು ಪೂರ್ತಿ ಬಿಡಿಸಿ ಹೇಳುತ್ತೇನೆ.

ದೂರ ಸರಿಸಿದಾಗ ಕಡಿಮೆಯಾಗುವುದು ಬೆಳಕಿನ ಪ್ರಮಾಣ. ಮೃದುತ್ವವೆಂದರೆ ನೆರಳಿನ ಅಂಚು ಎಷ್ಟು ನಿಧಾನವಾಗಿ ಕರಗುತ್ತದೆ ಎಂಬುದು. ಮುಖ ಇರುವ ಜಾಗದಿಂದ ನೋಡಿದರೆ ಲೈಟ್ ಎಷ್ಟು ದೊಡ್ಡದಾಗಿ ಕಾಣುತ್ತದೋ ಅಷ್ಟು ಮೃದು. ಸೂರ್ಯನ ವ್ಯಾಸ ಸುಮಾರು 14 ಲಕ್ಷ ಕಿ.ಮೀ. ಆದರೆ 15 ಕೋಟಿ ಕಿ.ಮೀ. ದೂರದಲ್ಲಿರುವುದರಿಂದ ನಮಗೆ ಕಾಣುವುದು ಅರ್ಧ ಡಿಗ್ರಿಯಷ್ಟೇ, ಅದಕ್ಕೇ ಬಿಸಿಲಿನ ನೆರಳು ಅಷ್ಟು ಚೂಪು. ಮೋಡ ಕವಿದರೆ ಇಡೀ ಆಕಾಶವೇ ಲೈಟ್ ಆಗುತ್ತದೆ, ನೆರಳು ಕರಗಿಹೋಗುತ್ತದೆ. ನಿಮ್ಮ 90 ಸೆಂ.ಮೀ. ಬಾಕ್ಸ್ 1 ಮೀಟರಿನಲ್ಲಿ ಸುಮಾರು 48 ಡಿಗ್ರಿ ಅಗಲ ಕಾಣುತ್ತದೆ, 3 ಮೀಟರಿನಲ್ಲಿ ಬರೀ 17.

ನಂಬಿಕೆ ಬರದಿದ್ದರೆ ಬಿಳಿ ಹಾಳೆಯ ಮೇಲೆ ಒಂದು ಮೊಟ್ಟೆ ಇಡಿ. ಕ್ಯಾಮೆರಾ ಮ್ಯಾನ್ಯುಯಲ್‌ನಲ್ಲಿರಲಿ: ಐಎಸ್‌ಒ 100, ಎಫ್/8, ಶಟರ್ 1/125. ಮೊದಲು ಫ್ಲ್ಯಾಶ್ ಆಫ್ ಮಾಡಿ ಒಂದು ಫೋಟೋ ತೆಗೆಯಿರಿ. ಅದು ಪೂರ್ತಿ ಕಪ್ಪಾಗಿ ಬರಬೇಕು. ಬರದಿದ್ದರೆ ಟ್ಯೂಬ್‌ಲೈಟ್ ಬೆಳಕೂ ಸೇರಿಕೊಳ್ಳುತ್ತಿದೆ. ಆಮೇಲೆ ಬಾಕ್ಸನ್ನು 1 ಮೀಟರಿನಲ್ಲಿಟ್ಟು 1/8 ಪವರ್‌ನಲ್ಲಿ ಒಂದು, 3 ಮೀಟರಿನಲ್ಲಿಟ್ಟು ಫುಲ್ ಪವರ್‌ನಲ್ಲಿ ಒಂದು. ಮೂರು ಪಟ್ಟು ದೂರಕ್ಕೆ ಬೆಳಕು ಒಂಬತ್ತನೇ ಒಂದು ಪಾಲಿಗೆ ಇಳಿಯುವುದರಿಂದ ಎರಡರ ಎಕ್ಸ್‌ಪೋಷರ್ (ಫೋಟೋಗೆ ಬೀಳುವ ಬೆಳಕಿನ ಮಟ್ಟ) ಹೆಚ್ಚುಕಡಿಮೆ ಒಂದೇ. ನೆರಳಿನ ಅಂಚುಗಳನ್ನು ಹೋಲಿಸಿ. ಹೆಚ್ಚಿನವರು ಮೋಸಹೋಗುವುದು ಇಲ್ಲೇ: ಲೈಟ್ ಸರಿಸುತ್ತಾರೆ, ಪವರ್ ಬದಲಿಸುವುದಿಲ್ಲ, ಮಂಕಾದ ಫೋಟೋ ನೋಡಿ ಮೃದುವಾಯಿತು ಅಂದುಕೊಳ್ಳುತ್ತಾರೆ.

ಹಣೆಯ ಮಿಂಚಿಗೂ ಇದೇ ಮದ್ದು. ಎಣ್ಣೆ ಚರ್ಮದ ಮೇಲೆ ಕಾಣುವುದು ಲೈಟಿನ ಪ್ರತಿಬಿಂಬ. ಹತ್ತಿರ ತಂದರೆ ಚರ್ಮ ಹೆಚ್ಚು ಬೆಳಗುತ್ತದೆ, ಆದರೆ ಪ್ರತಿಬಿಂಬ ಹರಡುತ್ತದೆಯೇ ಹೊರತು ಅದರ ಹೊಳಪು ಏರುವುದಿಲ್ಲ. ಪವರ್ ಇಳಿಸಿ ಎಕ್ಸ್‌ಪೋಷರ್ ಸರಿಮಾಡಿದಾಗ ಮಿಂಚೂ ಇಳಿಯುತ್ತದೆ.

ಹಾಗಾಗಿ ಬಾಕ್ಸನ್ನು ಮುಖದಿಂದ 90 ಸೆಂ.ಮೀ.–1 ಮೀಟರ್ ದೂರದಲ್ಲಿ, 45 ಡಿಗ್ರಿ ಪಕ್ಕಕ್ಕೆ, ಕಣ್ಣಿಗಿಂತ ತುಸು ಮೇಲಿಟ್ಟು ಕೆಳಗೆ ಬಾಗಿಸಿ. ಮೂಗಿನ ನೆರಳು ತುಟಿ ಮುಟ್ಟಿದರೆ ಸ್ಟ್ಯಾಂಡ್ ಇಳಿಸಿ. ನೆರಳಿನ ಕಡೆಗೆ ಬೆಳಕು ಮರಳಿಸಲು ಇನ್ನೊಂದು ಪಕ್ಕಕ್ಕೆ ಅರ್ಧ ಮೀಟರ್ ದೂರದಲ್ಲಿ ಥರ್ಮೊಕೋಲ್ ಹಾಳೆ ಸಾಕು. ಸಾಫ್ಟ್‌ಬಾಕ್ಸ್ ಇಲ್ಲದವರು ಬಿಳಿ ಪಂಚೆಯನ್ನು ಚೌಕಟ್ಟಿಗೆ ಬಿಗಿದು ಹಿಂದಿನಿಂದ ಫ್ಲ್ಯಾಶ್ ಹೊಡೆಯಬಹುದು. ಫ್ಲ್ಯಾಶ್ ಬಟ್ಟೆಯಿಂದ 1 ಮೀಟರ್ ಹಿಂದಿರಲಿ. 20 ಸೆಂ.ಮೀ.ಗೆ ತಂದರೆ ಪಂಚೆಯ ನಡುವೆ ಸಣ್ಣ ವೃತ್ತವಷ್ಟೇ ಬೆಳಗುತ್ತದೆ, ಲೈಟ್ ಮತ್ತೆ ಚಿಕ್ಕದಾಯಿತು. ಹ್ಯಾಲೊಜನ್ ದೀಪದ ಮುಂದೆ ಮಾತ್ರ ಬಟ್ಟೆ ಕಟ್ಟಲೇಬೇಡಿ, ಬೆಂಕಿ ಹತ್ತುತ್ತದೆ.

ಲೈಟ್ ಹತ್ತಿರ ತಂದವರಿಗೆ ಮುಂದೆ ಕಾಡುವುದು ಹಿಂದಿನ ಬಿಳಿ ಗೋಡೆ ಬೂದು ಬಣ್ಣಕ್ಕೆ ತಿರುಗುವುದು. ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಲೈಟಿನಿಂದ ಮುಖ 1 ಮೀಟರ್, ಗೋಡೆ 3 ಮೀಟರ್ ಇದ್ದರೆ ಗೋಡೆಗೆ ತಲುಪುವುದು ಒಂಬತ್ತನೇ ಒಂದು ಪಾಲು, ಅಂದರೆ ಮೂರು ಸ್ಟಾಪ್‌ಗಿಂತಲೂ ಜಾಸ್ತಿ ಇಳಿಕೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧವಾಗುತ್ತದೆ). ಗೋಡೆಗೆ ಹೊಸ ಬಣ್ಣ ಬಳಿದು ಪ್ರಯೋಜನವಿಲ್ಲ. ಪಾಸ್‌ಪೋರ್ಟ್ ಫೋಟೋಗೆ ಬಿಳಿ ಹಿನ್ನೆಲೆ ಬೇಕು, ಇರುವುದು ಒಂದೇ ಲೈಟ್ ಎಂದಾದರೆ ಕೂರುವವರನ್ನು ಗೋಡೆಯಿಂದ ಅರ್ಧ ಮೀಟರಿಗೆ ತನ್ನಿ. ಆಗ ವ್ಯತ್ಯಾಸ ಒಂದು ಸ್ಟಾಪ್‌ನ ಆಸುಪಾಸಿಗೆ ಇಳಿಯುತ್ತದೆ. ಲೈಟನ್ನು ಪಕ್ಕದಿಂದ ತೆಗೆದು ಕ್ಯಾಮೆರಾದ ನೇರ ಮೇಲಕ್ಕೆ ಏರಿಸಿದರೆ ತಲೆಯ ನೆರಳು ಗೋಡೆಯ ಮೇಲೆ ಕೆಳಗಿಳಿದು ಭುಜದ ಹಿಂದೆ ಮರೆಯಾಗುತ್ತದೆ.