289 ಮತ, 5 ದಿನ: ಪೋಲೆಂಡಿನ ಮೊದಲ ಅಧ್ಯಕ್ಷನ ಕತೆ

ಟೆಲ್ಶೈ ಅನ್ನೋ ಊರು ಈಗ ಲಿಥುವೇನಿಯಾದಲ್ಲಿದೆ. 1865ರಲ್ಲಿ ಅದು ರಷ್ಯಾದ ಜಾರ್ ದೊರೆಯ ಕೈಯಲ್ಲಿತ್ತು. ಅಲ್ಲಿನ ಜಮೀನ್ದಾರಿ ಮನೆತನವೊಂದರಲ್ಲಿ ಇಬ್ಬರು ಅಣ್ಣತಮ್ಮಂದಿರು. ಅಣ್ಣ ಸ್ಟಾನಿಸ್ಲಾವ್ ತನ್ನನ್ನು ಲಿಥುವೇನಿಯಾದವನು ಅಂದುಕೊಂಡರು. 1918ರ ಫೆಬ್ರವರಿಯಲ್ಲಿ ಆ ದೇಶದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ 20 ಜನರಲ್ಲಿ ಅವರೂ ಒಬ್ಬರು. ತಮ್ಮ ಗೇಬ್ರಿಯಲ್ ನರುತೊವಿಚ್ ಪೋಲೆಂಡಿನ ಮೊದಲ ಅಧ್ಯಕ್ಷರಾದರು. ಒಂದೇ ಮನೆ, ಎರಡು ದೇಶ! ‘ನಮ್ಮವರು ಯಾರು’ ಅನ್ನೋ ಪ್ರಶ್ನೆಗೆ ಆ ಸೀಮೆಯಲ್ಲಿ ಸುಲಭದ ಉತ್ತರ ಇರಲಿಲ್ಲ. ತಮ್ಮನ ಜೀವ ತೆಗೆದದ್ದೂ ಅದೇ ಪ್ರಶ್ನೆ.

ನರುತೊವಿಚ್ ರಾಜಕಾರಣಿಯಲ್ಲ, ಎಂಜಿನಿಯರ್. ಓದುವ ವಯಸ್ಸಿನಲ್ಲೇ ಕ್ಷಯ ಹಿಡಿಯಿತು. ಚಿಕಿತ್ಸೆಗೆಂದು ಸ್ವಿಟ್ಜರ್ಲೆಂಡಿಗೆ ಹೋದವರು ಜ್ಯೂರಿಚ್‌ನಲ್ಲಿ ಓದು ಮುಗಿಸಿದರು. ಜಾರ್ ವಿರುದ್ಧದ ಪೋಲಿಷ್ ಗುಂಪಿಗೆ ನೆರವಾಗಿದ್ದರಿಂದ ಊರಿಗೆ ಮರಳುವಂತಿರಲಿಲ್ಲ, ಹೋದರೆ ಜೈಲೇ. ಸರಿ, ಅಲ್ಲಿನ ಪೌರತ್ವವನ್ನೇ ಪಡೆದರು. ಮುಂದೆ ಜ್ಯೂರಿಚ್‌ನಲ್ಲೇ ಪ್ರೊಫೆಸರ್ ಆದರು. ನದಿ ನೀರಿನಿಂದ ಕರೆಂಟು ತೆಗೆಯೋದರಲ್ಲಿ ಯುರೋಪಿನಲ್ಲೇ ಹೆಸರುವಾಸಿ. ಬರ್ನ್ ಪಕ್ಕ ಆರೆ ನದಿಗೆ ಕಟ್ಟಿದ ಮ್ಯೂಲೆಬೆರ್ಗ್ ಅಣೆಕಟ್ಟಿನ ಹಿಂದೆ ಅವರ ಕೆಲಸ ಇದೆ. ಅದರ ಹಿನ್ನೀರು ಈಗಲೂ ವೋಲೆನ್ ಕೆರೆಯಾಗಿ ನಿಂತಿದೆ.

ಮೊದಲ ಮಹಾಯುದ್ಧ ಮುಗಿದಾಗ ಪೋಲೆಂಡ್ ಮತ್ತೆ ಸ್ವತಂತ್ರ ದೇಶವಾಗಿತ್ತು. 1920ರಲ್ಲಿ ಆ ಹೊಸ ಪೋಲೆಂಡ್ ಕರೆಯಿತು. ಯುದ್ಧದಲ್ಲಿ ಸೇತುವೆ, ರಸ್ತೆ ಎಲ್ಲ ಹಾಳಾಗಿತ್ತು. ಲೋಕೋಪಯೋಗಿ ಸಚಿವರಾದರು, 1922ರಲ್ಲಿ ವಿದೇಶಾಂಗ ಸಚಿವರಾದರು. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು ಅನಿಸುತ್ತದೆ. ಆದರೆ ಅಧ್ಯಕ್ಷ ಹುದ್ದೆಯ ಚುನಾವಣೆ ಬಂತು. ದೇಶದ ದೊಡ್ಡ ನಾಯಕ ಪಿಲ್ಸುಡ್‌ಸ್ಕಿ ಸ್ಪರ್ಧಿಸಲ್ಲ ಅಂದುಬಿಟ್ಟರು. 1921ರ ಸಂವಿಧಾನ ಆ ಕುರ್ಚಿಗೆ ಹೆಚ್ಚು ಅಧಿಕಾರ ಕೊಟ್ಟಿರಲಿಲ್ಲ.

1922ರ ಡಿಸೆಂಬರ್ 9. ಸಂಸತ್ತಿನ ಎರಡೂ ಸದನ ಸೇರಿ ಮತ ಹಾಕಬೇಕು. ಕಣದಲ್ಲಿ ಐವರು. ಬಲಪಂಥದವರ ಅಭ್ಯರ್ಥಿ ಮೌರಿತ್ಸಿ ಜಮೊಯ್ಸ್ಕಿ, ಭಾರಿ ಜಮೀನ್ದಾರ. ಅಲ್ಪಸಂಖ್ಯಾತರ ಅಭ್ಯರ್ಥಿ ಯಾನ್ ಬೋದುವೆನ್ ದ ಕುರ್ತನೆ. ಭಾಷಾಶಾಸ್ತ್ರ ಓದಿದವರಿಗೆ ಈ ಹೆಸರು ಗೊತ್ತಿರುತ್ತೆ, ಧ್ವನಿಮಾ (ಪದದ ಅರ್ಥ ಬದಲಿಸಬಲ್ಲ ಅತಿ ಚಿಕ್ಕ ಧ್ವನಿ) ಅನ್ನೋ ಕಲ್ಪನೆಗೆ ರೂಪ ಕೊಟ್ಟವರಲ್ಲಿ ಒಬ್ಬರು ಇವರೇ. ಮೊದಲ ಸುತ್ತಿನಲ್ಲಿ ಜಮೊಯ್ಸ್ಕಿಗೆ 222, ನರುತೊವಿಚ್‌ಗೆ ಬರೀ 62! ಕಡಿಮೆ ಮತ ಬಂದವರು ಒಬ್ಬೊಬ್ಬರಾಗಿ ಹೊರಬಿದ್ದರು. ಐದನೇ ಸುತ್ತಿಗೆ ಉಳಿದದ್ದು ಇಬ್ಬರೇ. ಗೆಲುವು ಈಗ ರೈತರ ಪಕ್ಷದವರ ಕೈಯಲ್ಲಿತ್ತು. ಅವರು ಜಮೀನ್ದಾರನಿಗೆ ಮತ ಹಾಕಿ ಊರಿಗೆ ಹೋಗೋದು ಹೇಗೆ, ಅಲ್ವಾ? ನರುತೊವಿಚ್ 289, ಜಮೊಯ್ಸ್ಕಿ 227.

ಗಲಾಟೆ ಶುರುವಾದದ್ದೇ ಅಲ್ಲಿ. ಆ 289ರಲ್ಲಿ ಯಹೂದಿ, ಉಕ್ರೇನಿ, ಬೆಲಾರೂಸಿ, ಜರ್ಮನ್ ಸದಸ್ಯರ ಮತಗಳೂ ಇದ್ದವು. ಪೋಲಿಷರ ಮತ ಮಾತ್ರ ಎಣಿಸಿದರೆ ಜಮೊಯ್ಸ್ಕಿಗೇ ಜಾಸ್ತಿ ಅಂತ ಬಲಪಂಥದವರು ಬೊಬ್ಬೆ ಹಾಕಿದರು. ದೇಶದಲ್ಲಿ ಸುಮಾರು ಮೂರನೇ ಒಂದು ಭಾಗ ಜನ ಪೋಲಿಷರಲ್ಲ. ಸಂವಿಧಾನದಲ್ಲಿ ಎಲ್ಲರ ಮತಕ್ಕೂ ಒಂದೇ ಬೆಲೆ. ಆದರೆ ಪತ್ರಿಕೆಗಳು ‘ಯಹೂದಿಗಳ ಅಧ್ಯಕ್ಷ’ ಅಂತ ಬರೆದವು. ನರುತೊವಿಚ್ ಯಹೂದಿಯೇ ಅಲ್ಲ, ಅದು ಬೇರೆ ಮಾತು.

11ರಂದು ಪ್ರಮಾಣವಚನ. ದಾರಿಗೆ ಬೆಂಚು ಅಡ್ಡ ಇಟ್ಟಿದ್ದರು. ಸಂಸತ್ತಿಗೆ ಬರುತ್ತಿದ್ದ ಸದಸ್ಯರನ್ನು ಹಿಡಿದು ಹೊಡೆದರು. ಗುಂಪುಗಳ ನಡುವೆ ಹೊಡೆದಾಟವಾಗಿ ಒಬ್ಬ ಕಾರ್ಮಿಕ ಸತ್ತ. ಹೊಸ ಅಧ್ಯಕ್ಷರು ತೆರೆದ ಸಾರೋಟಿನಲ್ಲೇ ಹೊರಟರು. ಮೈಮೇಲೆ ಹಿಮದ ಉಂಡೆ, ಕೆಸರಿನ ಮುದ್ದೆ ಬೀಳುತ್ತಿತ್ತು. ಗಾಡಿ ನಿಲ್ಲಿಸಲಿಲ್ಲ.

16ರಂದು ಮಧ್ಯಾಹ್ನ ವಾರ್ಸಾದ ಜಾಹೆಂಟಾ ಗ್ಯಾಲರಿಯಲ್ಲಿ ಚಿತ್ರಪ್ರದರ್ಶನದ ಉದ್ಘಾಟನೆ. ಬ್ರಿಟಿಷ್ ರಾಯಭಾರಿ ಅಭಿನಂದನೆ ಹೇಳಿದಾಗ ನರುತೊವಿಚ್, ಅದಕ್ಕಿಂತ ಸಂತಾಪ ಹೇಳಿದರೇ ಸರಿ ಎಂದರಂತೆ. ಸ್ವಲ್ಪ ಹೊತ್ತಿಗೆ, ಚಿತ್ರ ನೋಡುತ್ತ ನಿಂತಿದ್ದ ಅವರ ಬೆನ್ನಿಗೆ ಮೂರು ಗುಂಡು ಬಿತ್ತು. ಹೊಡೆದವನು ಎಲಿಗಿಯುಶ್ ನೆವ್ಯಾದೋಮ್‌ಸ್ಕಿ. ಅವನೂ ಚಿತ್ರಕಾರನೇ. ಓಡಿಹೋಗದೆ ಸುಮ್ನೆ ನಿಂತ. ಮೊದಲು ಪಿಲ್ಸುಡ್‌ಸ್ಕಿಯನ್ನು ಕೊಲ್ಲಬೇಕು ಅಂತಿದ್ದೆ ಎಂದು ಕೋರ್ಟಿನಲ್ಲಿ ಹೇಳಿದ. ತನಗೆ ಮರಣದಂಡನೆಯೇ ಬೇಕು ಅಂತ ಅವನೇ ಕೇಳಿದ. 1923ರ ಜನವರಿ 31ರಂದು ಗುಂಡಿಟ್ಟು ಕೊಂದರು. ಅವನ ಮಣ್ಣಿಗೆ ಸಾವಿರಾರು ಜನ ಸೇರಿದರು, ಗೋರಿಗೆ ಹೂವಿಟ್ಟರು. ನನಗೆ ಗುಂಡಿಗಿಂತ ಆ ಹೂವೇ ಹೆಚ್ಚು ಹೆದರಿಕೆ ಹುಟ್ಟಿಸುತ್ತದೆ.

ಕೊಲೆಯಾದ ನಾಲ್ಕನೇ ದಿನ ಸ್ಟಾನಿಸ್ಲಾವ್ ವೊಯ್ಚೆಹೋವ್‌ಸ್ಕಿ 298 ಮತ ಪಡೆದು ಅಧ್ಯಕ್ಷರಾದರು. ಸಂಸತ್ತು ಬಗ್ಗಲಿಲ್ಲ ಅನ್ನಿಸಿತು. ಆದರೆ 1923ರ ಮೇ ತಿಂಗಳಲ್ಲಿ, ನರುತೊವಿಚ್‌ರನ್ನು ಗೆಲ್ಲಿಸಿದ್ದ ಅದೇ ರೈತರ ಪಕ್ಷ ಬಲಪಂಥದವರ ಜತೆ ಕೂತು ಒಪ್ಪಂದ ಮಾಡಿಕೊಂಡಿತು, ಸರಕಾರವನ್ನೂ ರಚಿಸಿತು. ಒಪ್ಪಂದದ ಮುಖ್ಯ ಮಾತು ಇಷ್ಟೇ: ಇನ್ನು ಸರಕಾರ ನಡೆಯೋದು ಪೋಲಿಷ್ ಸದಸ್ಯರ ಬಹುಮತದ ಮೇಲೆ.