ಬಾವಲಿಯಿಂದ ಬರುವುದು ವೈರಸ್ ಮಾತ್ರವಾ, ಬ್ಯಾಕ್ಟೀರಿಯಾ ಕೂಡ ಬರುತ್ತದಾ?

ಓದುಗರ ಪ್ರಶ್ನೆ: ನಮ್ಮದು ಮಲೆನಾಡಿನ ಹಳೆ ಮನೆ. ಅಟ್ಟದಲ್ಲಿ ಬಾವಲಿಗಳು ಸೇರಿಕೊಂಡಿವೆ. ಅಡಿಕೆ ತೋಟಕ್ಕೂ ದೊಡ್ಡ ಬಾವಲಿಗಳು ಬರುತ್ತವೆ. ನಿಫಾ ವೈರಸ್ ಬಗ್ಗೆ ಕೇಳಿದ್ದೇವೆ. ಬಾವಲಿಯಿಂದ ಬ್ಯಾಕ್ಟೀರಿಯಾ ರೋಗಗಳೂ ಬರುತ್ತವೆಯೇ?

ಬರಬಹುದು. ಆದರೆ ಬಾವಲಿ ಓಡಿಸಲು ಅಟ್ಟಕ್ಕೆ ಏಣಿ ಹಾಕುವ ಮುಂಚೆ ಪೂರ್ತಿ ಓದಿ.

2018ರಲ್ಲಿ ಕೇರಳದ ಕೋಯಿಕ್ಕೋಡಿನಲ್ಲಿ ನಿಫಾ ಕಾಣಿಸಿದ ಮೇಲೆ ನಮ್ಮ ಕಡೆ ಬಾವಲಿ ಅಂದರೆ ವೈರಸ್ ಅಂತಲೇ ಆಗಿಬಿಟ್ಟಿದೆ. ವಿಜ್ಞಾನಿಗಳೂ ಬಾವಲಿಯಲ್ಲಿ ವೈರಸ್ ಹುಡುಕಿದಷ್ಟು ಬ್ಯಾಕ್ಟೀರಿಯಾ ಹುಡುಕಿಲ್ಲ. ಹುಡುಕಿದಲ್ಲೆಲ್ಲ ಏನಾದರೂ ಸಿಕ್ಕಿದೆ ಅನ್ನುವುದೂ ನಿಜ.

ಒಂದು ಪತ್ತೇದಾರಿ ಕಥೆಯಂಥ ಪ್ರಕರಣ ಹೇಳುತ್ತೇನೆ. ಅಮೆರಿಕದ ಅಯೋವಾ ರಾಜ್ಯದ ಒಬ್ಬ ರೋಗಿಗೆ ಹೃದಯದ ಕವಾಟಕ್ಕೆ ಸೋಂಕು ತಗುಲಿತ್ತು. ಕವಾಟದ ಚೂರನ್ನು ಪರೀಕ್ಷೆ ಮಾಡಿದಾಗ ಬಾರ್ಟೊನೆಲ್ಲಾ ಜಾತಿಯ ಒಂದು ಬ್ಯಾಕ್ಟೀರಿಯಾ ಸಿಕ್ಕಿತು. ಅದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಅಮೆರಿಕದ ಮೇಯೊ ಕ್ಲಿನಿಕ್ ಮತ್ತು ಫ್ರಾನ್ಸಿನ ಟಿಮೋನ್ ಆಸ್ಪತ್ರೆ, ಎರಡರ ಹೆಸರನ್ನೂ ಕೂಡಿಸಿ 2010ರಲ್ಲಿ ಅದಕ್ಕೆ 'ಮೇಯೊಟಿಮೊನೆನ್ಸಿಸ್' ಅಂತ ಹೆಸರಿಟ್ಟರು. ಹೆಸರೇನೋ ಆಯಿತು, ಅದು ಇರುವುದು ಯಾವ ಪ್ರಾಣಿಯಲ್ಲಿ? 2014ರಲ್ಲಿ ಉತ್ತರ ಸಿಕ್ಕಿತು, ಅದೂ ಅಯೋವಾದಲ್ಲಲ್ಲ, ಸಾವಿರಾರು ಕಿಲೋಮೀಟರ್ ದೂರದ ಫಿನ್ಲೆಂಡಿನಲ್ಲಿ. ಅಲ್ಲಿನ ಕೀಟ ತಿನ್ನುವ ಬಾವಲಿಗಳ ರಕ್ತದಲ್ಲಿ ಇದೇ ಬ್ಯಾಕ್ಟೀರಿಯಾ ಇತ್ತು. ಅಯೋವಾದ ರೋಗಿಗೆ ಬಾವಲಿಯಿಂದಲೇ ಬಂತು ಅಂತ ಇದರಿಂದ ಸಾಬೀತಾಗುವುದಿಲ್ಲ. ಆದರೆ ಅನುಮಾನಕ್ಕೆ ಇಷ್ಟು ಸಾಕು, ಅಲ್ವಾ?

ಬಾರ್ಟೊನೆಲ್ಲಾ ಅಂದರೆ ಹೊಸದೇನೂ ಅಲ್ಲ. ಬೆಕ್ಕು ಪರಚಿದ ಮೇಲೆ ಕೆಲವರಿಗೆ ಗಂಟು ಊದಿ ಜ್ವರ ಬರುತ್ತದಲ್ಲ, ಅದೂ ಈ ಕುಟುಂಬದ್ದೇ ಕೆಲಸ. ಇವು ಪ್ರಾಣಿಯ ಕೆಂಪು ರಕ್ತಕಣದೊಳಗೆ ಸುಮ್ನೆ ಕೂತಿರುತ್ತವೆ. ರಕ್ತ ಹೀರುವ ಹುಳಗಳು ಅವನ್ನು ಒಂದು ಮೈಯಿಂದ ಇನ್ನೊಂದಕ್ಕೆ ದಾಟಿಸುತ್ತವೆ.

ನೈಜೀರಿಯಾದ ನೈರುತ್ಯ ಭಾಗದಲ್ಲಿ ಬಾವಲಿ ಹಬ್ಬ ಅಂತ ಒಂದಿದೆ. ವರ್ಷಕ್ಕೆ ಎರಡು ಸಲ ಜನ ಗುಹೆಗಳಿಗೆ ನುಗ್ಗಿ ಬಾವಲಿ ಹಿಡಿಯುತ್ತಾರೆ, ತಿನ್ನುತ್ತಾರೆ, ಮಾರುತ್ತಾರೆ. ಆ ಗುಹೆಯ ಬಾವಲಿಗಳಲ್ಲೂ ಅವುಗಳ ಮೈಮೇಲಿನ ನೊಣಗಳಲ್ಲೂ ಒಂದು ಹೊಸ ಬಾರ್ಟೊನೆಲ್ಲಾ ಸಿಕ್ಕಿತು. ಸುತ್ತಲಿನ 204 ಜನರ ರಕ್ತ ಪರೀಕ್ಷೆ ಮಾಡಿದರೆ 8 ಜನರಲ್ಲಿ ಅದರ ವಿರುದ್ಧ ಪ್ರತಿಕಾಯಗಳಿದ್ದವು. ಅಂದರೆ ಬ್ಯಾಕ್ಟೀರಿಯಾ ಅವರ ಮೈಯೊಳಗೆ ಹೊಕ್ಕಿದ್ದಿರಬೇಕು. ಬರಿಗೈಯಲ್ಲಿ ಬಾವಲಿ ಹಿಡಿಯುವವರಿರುವ ಊರಲ್ಲೂ ಸಿಕ್ಕಿದ್ದು ಎಂಟೇ ಜನ ಅನ್ನುವುದನ್ನೂ ಗಮನಿಸಿ.

ಎರಡನೆಯ ದಾರಿ ಉಣುಗು. ಜಾಂಬಿಯಾದಲ್ಲಿ ಜ್ವರ ಬಂದ ಒಬ್ಬ ರೋಗಿಯ ರಕ್ತದಲ್ಲಿ ಬೊರೆಲಿಯಾ ಎಂಬ ಸುರುಳಿ ಆಕಾರದ ಬ್ಯಾಕ್ಟೀರಿಯಾ ಸಿಕ್ಕಿತು. ಅದೇ ಬ್ಯಾಕ್ಟೀರಿಯಾ ಹಣ್ಣು ತಿನ್ನುವ ಬಾವಲಿಯಲ್ಲೂ ಗುಹೆಯ ಉಣುಗುಗಳಲ್ಲೂ ಇತ್ತು. ಇದರ ಹತ್ತಿರದ ನೆಂಟರು ತರುವ ಜ್ವರ ವಿಚಿತ್ರದ್ದು. ಕೆಲವು ದಿನ ಬರುತ್ತದೆ, ಬಿಟ್ಟಿತು ಅನ್ನುವಷ್ಟರಲ್ಲಿ ಮತ್ತೆ ಮರಳುತ್ತದೆ. ಉಣುಗಿನ ವಿಷಯ ಮಲೆನಾಡಿನವರಿಗೆ ನಾನು ಹೇಳಬೇಕಿಲ್ಲ. ಮಂಗನ ಕಾಯಿಲೆಯ ವೈರಸ್ ಕೂಡ ಒಂದು ಕಾಲದಲ್ಲಿ ಬಾವಲಿಯಲ್ಲೂ, ಬಾವಲಿ ತಂಗುವ ಜಾಗದ ಉಣುಗಿನಲ್ಲೂ ಸಿಕ್ಕಿತ್ತು.

ಮೂರನೆಯದು ಇಲಿ ಜ್ವರದ ಲೆಪ್ಟೊಸ್ಪೈರಾ. ಇದು ಪ್ರಾಣಿಯ ಮೂತ್ರಪಿಂಡದಲ್ಲಿ ನೆಲೆಸಿ ಮೂತ್ರದ ಜೊತೆ ಹೊರಬೀಳುತ್ತದೆ. ಪೆರು, ಮಡಗಾಸ್ಕರ್, ಆಸ್ಟ್ರೇಲಿಯಾ, ಹೀಗೆ ಬೇರೆ ಬೇರೆ ಕಡೆಯ ಬಾವಲಿಗಳಲ್ಲಿ ಲೆಪ್ಟೊಸ್ಪೈರಾ ಕಂಡಿದೆ. ಹಾಗಂತ ಗಾಬರಿ ಬೇಡ. ಬಾವಲಿ ಮೂತ್ರ ಮಾಡುವುದು ಮರದ ಮೇಲಿಂದ, ನಾವು ಮಳೆಗಾಲದಲ್ಲಿ ಬರಿಗಾಲಲ್ಲಿ ಇಳಿಯುವುದು ಇಲಿ, ದನ, ನಾಯಿ ಓಡಾಡಿದ ಗದ್ದೆಗೆ. ನನ್ನನ್ನು ಕೇಳಿದರೆ ನಿಮ್ಮ ಅಟ್ಟದ ಬಾವಲಿಗಿಂತ ಕೊಟ್ಟಿಗೆಯ ಇಲಿಗೆ ಜಾಸ್ತಿ ಹೆದರಿ.

ಇಲ್ಲೊಂದು ಗೊಂದಲ ಬಗೆಹರಿಸಬೇಕು. ಬಾವಲಿ ಹಿಕ್ಕೆಯ ಧೂಳು ಉಸಿರಾಡಿ ಬರುವ ಶ್ವಾಸಕೋಶದ ಕಾಯಿಲೆಯನ್ನೂ ಕೆಲವರು ಬ್ಯಾಕ್ಟೀರಿಯಾ ಅಂದುಕೊಂಡಿದ್ದಾರೆ. ಹಿಸ್ಟೊಪ್ಲಾಸ್ಮೋಸಿಸ್ ಎಂಬ ಆ ಕಾಯಿಲೆ ಶಿಲೀಂಧ್ರದ್ದು, ಅಂದರೆ ಬೂಷ್ಟಿನ ಜಾತಿಯದು. ಅದಕ್ಕೆ ಬೇರೆ ಔಷಧ. ಅಟ್ಟ ಗುಡಿಸುವವರು ನಿಜವಾಗಿ ಎಚ್ಚರ ವಹಿಸಬೇಕಾದ್ದು ಇದರ ಬಗ್ಗೆ. ಒಣ ಹಿಕ್ಕೆಯನ್ನು ಪೊರಕೆಯಿಂದ ಗುಡಿಸಬೇಡಿ. ಮೊದಲು ನೀರು ಚಿಮುಕಿಸಿ ನೆನೆಸಿ. ಒಳ್ಳೆಯ ಮಾಸ್ಕ್, ಕೈಗವಸು ಹಾಕಿಕೊಂಡು ಬಳಿದು ತೆಗೆಯಿರಿ.

ಬಾವಲಿ ಕಚ್ಚಿದರೆ ಅಥವಾ ಪರಚಿದರೆ ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆದು, ಅದೇ ದಿನ ಡಾಕ್ಟರ್ ಹತ್ತಿರ ಹೋಗಿ. ಅದು ಮುಖ್ಯವಾಗಿ ರೇಬಿಸ್ ಭಯಕ್ಕೆ.

ಬ್ಯಾಕ್ಟೀರಿಯಾ ವಿಷಯದಲ್ಲಿ ಒಂದು ಸಮಾಧಾನ ಇದೆ. ನಿಫಾಗೆ ಇಂಥದ್ದೇ ಅಂತ ಮಾತ್ರೆ ಇಲ್ಲ, ಇವಕ್ಕೆ ಆಂಟಿಬಯೋಟಿಕ್ ಇದೆ. ಇಲಿ ಜ್ವರಕ್ಕೂ, ಉಣುಗಿನಿಂದ ಬರುವ ಮರುಕಳಿಸುವ ಜ್ವರಕ್ಕೂ ಡಾಕ್ಸಿಸೈಕ್ಲಿನ್ ಎಂಬ ಹಳೆಯ ಔಷಧ ಕೆಲಸ ಮಾಡುತ್ತದೆ. ತೊಂದರೆ ಇರುವುದು ಗುರುತಿಸುವುದರಲ್ಲಿ. ಜ್ವರ ಬಂದರೆ ಡೆಂಗಿ, ಮಲೇರಿಯಾ, ಟೈಫಾಯ್ಡ್ ನೋಡುತ್ತಾರೆ. ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಮಾಮೂಲಿ ರಕ್ತ ಕಲ್ಚರಿನಲ್ಲಿ ಬಾರ್ಟೊನೆಲ್ಲಾ ಸುಲಭಕ್ಕೆ ಬೆಳೆಯುವುದೇ ಇಲ್ಲ. ಆದ್ದರಿಂದ ಜ್ವರ ಅಂತ ಹೋದಾಗ "ಹೋದ ವಾರ ಅಟ್ಟ ಗುಡಿಸಿದ್ದೆ", "ಗುಹೆಯಲ್ಲಿ ಉಣುಗು ಕಚ್ಚಿತ್ತು" ಅಂತ ನೀವೇ ಬಾಯಿಬಿಟ್ಟು ಹೇಳಿ. ಮಾತ್ರೆ ಮಾತ್ರ ಅವರೇ ಬರೆದುಕೊಡಲಿ.

ಬಾವಲಿಗಳನ್ನು ಹೊಗೆ ಹಾಕಿ ಓಡಿಸುವುದು, ಕೊಲ್ಲುವುದು ಬೇಡ. ಗಾಬರಿಯಾದ ಬಾವಲಿ ಮನೆಯೊಳಗೇ ಹಾರಾಡಿ ಕೈಗೆ, ಮೈಗೆ ತಾಗುವುದೇ ಜಾಸ್ತಿ. ಮರಿಗಳು ದೊಡ್ಡವಾಗಿ ಹಾರಲು ಕಲಿತ ಮೇಲೆ, ಸಂಜೆ ಎಲ್ಲ ಹೊರಗೆ ಹೋದಾಗ ಸಂದಿಗಳನ್ನು ಮುಚ್ಚಿದರೆ ಸಾಕು.

ಇನ್ನು ತೋಟದ ಅಡಿಕೆ. ಬಾವಲಿ ಹಣ್ಣಡಿಕೆಯ ಸಿಪ್ಪೆ ಚೀಪಿ ಉದುರಿಸಿದ್ದನ್ನು ಹೆಕ್ಕಿ ಮಾರುವುದು ಮಾಮೂಲಿ. ಆ ಆದಾಯ ಬಿಡಿ ಅಂತ ಹೇಳುವುದಿಲ್ಲ. ಕೈಗವಸು ಹಾಕಿ ಹೆಕ್ಕಿ, ಚೆನ್ನಾಗಿ ಒಣಗಿಸಿ, ಕೈಯನ್ನು ಸೋಪು ಹಾಕಿ ತೊಳೆಯಿರಿ. ಹೆಕ್ಕುತ್ತಾ ಹೆಕ್ಕುತ್ತಾ ಅದೇ ಕೈಯಲ್ಲಿ ಕವಳ ಹಾಕುವ ಅಭ್ಯಾಸ ಇದ್ದರೆ, ಅದೊಂದನ್ನು ಬಿಡಿ.